ಹಾಜರಿ ಪುಸ್ತಕದಂಥ ಊರುಗಳು

ಊರಿಗೊಂದು ಹೆಸರು ಬರಬೇಕಾದರೆ ಕೆರೆಯೋ, ಗುಡ್ಡವೋ, ದೇವರೋ ಏನಾದರೂ ನೆಪ ಇರಬೇಕು ಅಂದುಕೊಂಡಿದ್ದೆ. ಅಮೆರಿಕದ ನೆಬ್ರಾಸ್ಕ ರಾಜ್ಯದ ನಕ್ಷೆ ನೋಡಿದ ಮೇಲೆ ಆ ನಂಬಿಕೆ ಹೋಯಿತು.

ರಾಜಧಾನಿ ಲಿಂಕನ್ ಊರಿನಿಂದ ಪಶ್ಚಿಮಕ್ಕೆ ರೈಲು ಹಳಿಯ ಗುಂಟ ಬೆರಳು ಓಡಿಸಿ. ಕ್ರೀಟ್, ಡಾರ್ಚೆಸ್ಟರ್, ಎಕ್ಸಿಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್, ಇನ್‌ಲ್ಯಾಂಡ್, ಜೂನಿಯಾಟ. ಸಿ, ಡಿ, ಇ, ಎಫ್... ಮೇಷ್ಟ್ರು ಹಾಜರಿ ಕೂಗಿದ ಹಾಗಿದೆ! 1870ರ ದಶಕದ ಶುರುವಿನಲ್ಲಿ ಬರ್ಲಿಂಗ್‌ಟನ್ ರೈಲು ಕಂಪನಿಯವರು ಹಳಿ ಹಾಕುತ್ತಾ ಹೋದರು, ಹೆಸರೂ ಇಡುತ್ತಾ ಹೋದರು. ಖಾಲಿ ಬಯಲು ಅಂತ ಬರೆದುಕೊಂಡರು. ಪಾನೀ ಎಂಬ ಮೂಲನಿವಾಸಿ ಜನ ಕಾಡೆಮ್ಮೆ ಬೇಟೆಯಾಡುತ್ತಿದ್ದ ಸೀಮೆ ಅದು. ಖಾಲಿ ಹೇಗಾದೀತು?

ಊರಿಂದ ಊರಿಗೆ ಹತ್ತು ಹದಿನೈದು ಕಿಲೋಮೀಟರ್. ರೈತ ಗಾಡಿಯಲ್ಲಿ ಗೋಧಿ ತಂದು, ಸ್ಟೇಷನ್ನಿನಲ್ಲಿ ಮಾರಿ, ಕತ್ತಲಾಗುವುದರೊಳಗೆ ಮನೆ ಸೇರಬೇಕಲ್ಲ! ಉಗಿಬಂಡಿಗೂ ದಾರಿಯುದ್ದಕ್ಕೂ ಬಾಯಾರಿಕೆ. ಹಾಗಾಗಿ ಅಲ್ಲಲ್ಲಿ ನೀರಿನ ತೊಟ್ಟಿ, ಕಲ್ಲಿದ್ದಲು, ಅದನ್ನು ನೋಡಿಕೊಳ್ಳಲು ನಾಲ್ಕು ಮನೆ. ಆಮೇಲೆ ಗಡಿಯಾರವನ್ನೂ ರೈಲೇ ತಿದ್ದಿತು. ಅಲ್ಲಿಯವರೆಗೆ ಸೂರ್ಯ ನೆತ್ತಿಗೆ ಬಂದಾಗ ಆಯಾ ಊರಿಗೆ ಮಧ್ಯಾಹ್ನ. 1883ರ ನವೆಂಬರ್ 18ರಂದು ರೈಲು ಕಂಪನಿಗಳೆಲ್ಲ ಸೇರಿ ಒಂದೊಂದು ವಲಯಕ್ಕೆ ಒಂದೇ ಸಮಯ ಅಂದವು. ಸರ್ಕಾರ ಅದಕ್ಕೆ ಕಾನೂನು ಮಾಡಿದ್ದು 1918ರಲ್ಲಿ!

ನನಗೆ ಜಾಸ್ತಿ ಇಷ್ಟವಾಗುವುದು ಮಾತ್ರ ಸಾಲು ತಪ್ಪಿಸಿದ ಇಬ್ಬರು ತುಂಟರು. ಡಾರ್ಚೆಸ್ಟರ್‌ಗೂ ಎಕ್ಸಿಟರ್‌ಗೂ ನಡುವೆ, ಡಿ ಮುಗಿದು ಇ ಬರುವ ಮುಂಚೆ, ಫ್ರೆಂಡ್ ಎಂಬ ಊರು ಸುಮ್ನೆ ಬಂದು ಕೂತುಬಿಟ್ಟಿದೆ. ಸ್ನೇಹಕ್ಕೆ ನೆಟ್ಟ ಊರೇನಲ್ಲ, ಜಾಗದ ಯಜಮಾನನ ಮನೆಹೆಸರೇ ಫ್ರೆಂಡ್. ಇನ್ನೊಬ್ಬ ಹೇಸ್ಟಿಂಗ್ಸ್. ಐ ಆದಮೇಲೆ ಎಚ್! ಅಲ್ಲಿ ಇನ್ನೊಂದು ಕಂಪನಿಯ ಹಳಿ ಬಂದು ಅಡ್ಡ ಹಾಯ್ದಿತ್ತು. ಎರಡು ಹಳಿ ಸೇರಿದ ಕಡೆ ಜನ ಸೇರದೆ ಇರುತ್ತಾರೆಯೇ? ಪಕ್ಕದ ಜೂನಿಯಾಟದಲ್ಲಿದ್ದ ಕೌಂಟಿ ಕಚೇರಿಯನ್ನೂ (ನಮ್ಮ ಜಿಲ್ಲಾ ಕಚೇರಿಯ ಹಾಗೆ) ಹೇಸ್ಟಿಂಗ್ಸ್ ಎಳೆದುಕೊಂಡಿತು.

ಮುಂದೆ ಡೀಸೆಲ್ ಎಂಜಿನ್ ಬಂತು. ಅದಕ್ಕೆ ಊರೂರಿನ ತೊಟ್ಟಿಯ ನೀರು ಬೇಕಿಲ್ಲ. ಈಗ ಕ್ಯಾಲಿಫೋರ್ನಿಯಾ ಜೆಫಿರ್ ಎಂಬ ಪ್ರಯಾಣಿಕರ ರೈಲು ಪಶ್ಚಿಮಕ್ಕೆ ಹೊರಟು ಲಿಂಕನ್ ಬಿಟ್ಟಿತೆಂದರೆ ಸಿ, ಡಿ, ಇ, ಎಫ್ ಯಾರನ್ನೂ ಮಾತಾಡಿಸದೆ ರಾತ್ರಿಯಲ್ಲಿ ಓಡುತ್ತದೆ. ಆಮೇಲೆ ನಿಲ್ಲುವುದು ಹೇಸ್ಟಿಂಗ್ಸ್‌ನಲ್ಲಿ, ಸಾಲು ತಪ್ಪಿ ನಿಂತವನ ಹತ್ತಿರ.