ಪೈಲಟ್‌ಗಳು ಬೇಕಾಗಿದ್ದಾರೆ, ಮನೆ ಪತ್ರ ತನ್ನಿ

ಮುಂದಿನ 15-20 ವರ್ಷದಲ್ಲಿ ದೇಶಕ್ಕೆ 30,000 ಪೈಲಟ್‌ಗಳು ಬೇಕು ಎಂದು ವಿಮಾನಯಾನ ಸಚಿವರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ 2025ರ ಡಿಸೆಂಬರ್ ಬಂತು. ದೇಶದ ಅತಿ ದೊಡ್ಡದಾದ ಇಂಡಿಗೊ ಏರ್‌ಲೈನ್ಸ್‌ನ ಸಾವಿರಾರು ವಿಮಾನಗಳು ರದ್ದಾದವು. ಮದುವೆಗೆ ಹೊರಟವರು, ಆಪರೇಷನ್‌ಗೆ ಹೊರಟವರು, ಎಲ್ಲರೂ ನಿಲ್ದಾಣದಲ್ಲೇ ನೆಲದ ಮೇಲೆ ಮಲಗಿದರು. ಕತೆ ನಿಮಗೆ ಗೊತ್ತೇ ಇದೆ. ಪೈಲಟ್‌ಗಳಿಗೆ ವಾರಕ್ಕೆ 36 ಗಂಟೆ ಬದಲು 48 ಗಂಟೆ ವಿಶ್ರಾಂತಿ ಕೊಡಿ, ರಾತ್ರಿ ಹಾರಾಟ ಕಡಿಮೆ ಮಾಡಿ ಎಂಬ ನಿಯಮ ಜಾರಿಯಾಗಿತ್ತು. ಅಷ್ಟು ಪೈಲಟ್‌ಗಳು ಇರಲಿಲ್ಲ. ಕೊನೆಗೆ ಸರ್ಕಾರ ಏನು ಮಾಡಿತು? ನಿಯಮಕ್ಕೇ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ನಿದ್ದೆ ಕೆಟ್ಟಿದ್ದು ಪೈಲಟ್‌ಗಳದ್ದು, ವಿಶ್ರಾಂತಿ ಸಿಕ್ಕಿದ್ದು ನಿಯಮಕ್ಕೆ.

ಇದನ್ನೆಲ್ಲ ಟಿವಿಯಲ್ಲಿ ನೋಡುತ್ತಾ ಮನೆಯಲ್ಲಿ ಕೂತಿದ್ದವರು ಯಾರು ಗೊತ್ತಾ? ಪೈಲಟ್‌ಗಳೇ. ಲೈಸೆನ್ಸ್ ಇರುವ, ಕೆಲಸ ಇಲ್ಲದ ಪೈಲಟ್‌ಗಳು. 2023ರ ಒಂದೇ ವರ್ಷದಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 1,622 ಕಮರ್ಷಿಯಲ್ ಲೈಸೆನ್ಸ್ ಕೊಟ್ಟಿತು. ದಾಖಲೆ ಎಂದು ಬೆನ್ನು ತಟ್ಟಿಕೊಂಡರು. ಆದರೆ ಏರ್‌ಲೈನ್ಸ್‌ಗೆ ತುರ್ತಾಗಿ ಬೇಕಿರುವುದು ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್‌ಗಳು. ಇನ್ನೂರು ಗಂಟೆ ಹಾರಿದ ಹುಡುಗ ‘ನಿಮ್ಮ ರೆಸ್ಯೂಮ್ ತಲುಪಿದೆ’ ಎಂಬ ಇಮೇಲ್ ಓದಿಕೊಂಡು ಕೂತಿರುತ್ತಾನೆ. ಅವನ ಇನ್ನೊಂದು ಇಮೇಲ್ ಬ್ಯಾಂಕಿನದು. ಅದು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ.

ಆ ಬ್ಯಾಂಕಿಗೇ ಹೋಗೋಣ ಬನ್ನಿ. ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿ ಅಂತ ಇಟ್ಟುಕೊಳ್ಳಿ. ಮಗನಿಗೆ ಪಿಯುಸಿಯಲ್ಲಿ ಫಿಸಿಕ್ಸು, ಮ್ಯಾಥ್ಸು ಚೆನ್ನಾಗಿ ಬಂದಿದೆ. ಎಂಜಿನಿಯರಿಂಗ್ ಬೇಡವಂತೆ, ಪೈಲಟ್ ಆಗುತ್ತಾನಂತೆ. ಖರ್ಚು ಎಲ್ಲ ಸೇರಿ 60 ಲಕ್ಷ.

‘ಸೆಕ್ಯೂರಿಟಿ ಏನಿದೆ ಯಜಮಾನ್ರೇ?’

‘ನಾಲ್ಕು ಎಕರೆ ತೋಟ ಇದೆ ಸಾರ್. ಫಲ ಬರ್ತಿದೆ.’

‘ತೋಟ ಎಲ್ಲ ಬೇಡ ಬಿಡಿ. ಮನೆ, ಸೈಟು ಏನಾದ್ರೂ?’

‘ಮನೆ ಇದೆ ಸಾರ್.’

‘ಇ-ಖಾತಾ ಆಗಿದ್ಯಾ?’

ಇಲ್ಲಿಗೆ ವಿಮಾನದ ವಿಷಯ ಮುಗಿಯಿತು. ಇನ್ನು ಆರು ತಿಂಗಳು ಇಸಿ, ಮೂಲಪತ್ರ, ಕಂದಾಯದ ರಸೀದಿ, ವಂಶವೃಕ್ಷ, ಪ್ಯಾನೆಲ್ ವಕೀಲರ ಲೀಗಲ್ ಒಪಿನಿಯನ್. ತಾತನ ಹೆಸರಲ್ಲಿ ಒಂದು ಒತ್ತು ಬಿಟ್ಟುಹೋಗಿದೆ. ದೊಡ್ಡಪ್ಪನ ಮಕ್ಕಳು ಸಹಿ ಹಾಕಬೇಕು. ಅವರಿಗೂ ಇವರಿಗೂ ಮಾತಿಲ್ಲ. ಡಿಜಿಸಿಎಯ ಏರ್ ನ್ಯಾವಿಗೇಷನ್ ಪೇಪರ್ ಕಷ್ಟ ಅಂತಾರೆ. ನಗರಸಭೆಯ ಖಾತಾ ವಿಭಾಗದಲ್ಲಿ ನ್ಯಾವಿಗೇಟ್ ಮಾಡಿ ಹೊರಗೆ ಬಂದವನಿಗೆ ಆ ಪೇಪರ್ ಪರೀಕ್ಷೆ ಇಲ್ಲದೇ ಪಾಸು ಮಾಡಬೇಕು ಎಂದು ನನ್ನ ಸಲಹೆ.

ಅಡಮಾನವೇ ಇಲ್ಲದ ಶಿಕ್ಷಣ ಸಾಲವೂ ಇದೆ. ಬ್ಯಾಂಕ್‌ಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಏನೂ ಕೇಳುವುದಿಲ್ಲ. 7.5 ಲಕ್ಷ ದಾಟಿದರೆ ಆಸ್ತಿ ತೋರಿಸಿ. ನಾಲ್ಕು ಲಕ್ಷಕ್ಕೆ ಹುಡುಗ ಟೇಕಾಫ್ ಕಲಿಯಬಹುದು. ಇಳಿಯುವುದನ್ನು ಸ್ವಂತ ಖರ್ಚಿನಲ್ಲಿ ಕಲಿಯಬೇಕು.

ಈ ಬ್ಯಾಂಕ್‌ಗಳ ಎಚ್ಚರಿಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೊದಲಿಂದಲೂ ಹೀಗೇ ಇದ್ದರಾ ಎಂದು ಮಾತ್ರ ಕೇಳಬೇಡಿ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರೂ ವಿಮಾನಕ್ಕೇ ಸಾಲ ಮಾಡಿದ್ದು, ತಮ್ಮ ಕಿಂಗ್‌ಫಿಷರ್ ಏರ್‌ಲೈನ್ಸ್‌ಗೆ. ಅವರು ಹೋದಾಗ ‘ಇ-ಖಾತಾ ಆಗಿದ್ಯಾ ಯಜಮಾನ್ರೇ’ ಅಂದವರು ಯಾರೂ ಇರಲಿಲ್ಲ. ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು, ಅವರನ್ನು ಕೇಳೋದು ಉಂಟಾ? ಹದಿನೇಳು ಬ್ಯಾಂಕ್‌ಗಳು ಸೇರಿ ಕೊಟ್ಟವು. ಅಡಮಾನದ ಪಟ್ಟಿಯಲ್ಲಿ ಏರ್‌ಲೈನ್ಸ್‌ನ ಬ್ರ್ಯಾಂಡೂ ಇತ್ತು. ಅಂದರೆ ಹೆಸರು ಮತ್ತು ಒಂದು ಹಕ್ಕಿಯ ಚಿತ್ರ. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲಕ್ಕಿಳಿದವು, ಮತ್ತೆ ಏಳಲಿಲ್ಲ. 2016ರ ಮಾರ್ಚ್ 2ರಂದು ಸಾಹೇಬರೂ ದೇಶ ಬಿಟ್ಟರು, ಅವರೂ ಮತ್ತೆ ಬರಲಿಲ್ಲ. ಬಡ್ಡಿ ಸೇರಿ ಬಾಕಿ 9,000 ಕೋಟಿ ಎಂದು ಬ್ಯಾಂಕ್‌ಗಳು ಹೇಳಿದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಆ ಹಕ್ಕಿಯನ್ನು ಹರಾಜಿಗೆ ಇಟ್ಟರು. ಮೂಲ ಬೆಲೆ 366.70 ಕೋಟಿ. ಎಷ್ಟು ಜನ ಕೂಗಿದರು? ಒಬ್ಬರೂ ಇಲ್ಲ.

ತಿಪಟೂರಿನ ಮನೆಯನ್ನು ಹರಾಜಿಗೆ ಇಡಲಿ, ನೋಡೋಣ. ಕೂಗುವವರ ಸಾಲು ಬಸ್ ಸ್ಟ್ಯಾಂಡ್ ತನಕ ಇರುತ್ತದೆ. ದೊಡ್ಡಪ್ಪನ ಮಕ್ಕಳೇ ಮೊದಲು.

ಮಲ್ಯ ಅವರ ಬಗ್ಗೆ ಇನ್ನೊಂದು ಮಾತು. ಬ್ಯಾಂಕ್‌ಗಳು ನನ್ನಿಂದ ಸಾಲಕ್ಕಿಂತ ಜಾಸ್ತಿ ವಸೂಲಿ ಮಾಡಿವೆ, ಲೆಕ್ಕ ಕೊಡಿ ಎಂದು ಅವರು 2025ರಲ್ಲಿ ಕರ್ನಾಟಕ ಹೈಕೋರ್ಟ್‌ಗೆ ಹೋದರು. ಲೆಕ್ಕ ಸರಿಯಾ ತಪ್ಪಾ ಕೋರ್ಟ್ ನೋಡಿಕೊಳ್ಳಲಿ. ನನಗೆ ಹೊಟ್ಟೆಕಿಚ್ಚಾಗಿದ್ದು ಆ ಧೈರ್ಯ ನೋಡಿ. ನಾವು ಪಾಸ್‌ಬುಕ್ ಎಂಟ್ರಿ ಹಾಕಿಸಲಿಕ್ಕೇ ‘ಸಾರ್, ಸ್ವಲ್ಪ’ ಅಂತ ಹಲ್ಲು ಕಿರಿಯುತ್ತೇವೆ. ಆದ್ದರಿಂದ ಕೊಬ್ಬರಿ ಯಜಮಾನರಿಗೆ ನನ್ನ ಕಿವಿಮಾತು: ಮಗನನ್ನು ಪೈಲಟ್ ಮಾಡುತ್ತೇನೆ ಎಂದು ಬ್ಯಾಂಕಿಗೆ ಹೋಗಬೇಡಿ. ಏರ್‌ಲೈನ್ಸ್ ಶುರು ಮಾಡುತ್ತೇನೆ ಎಂದು ಹೋಗಿ. ಕೂರಿಸಿ ಕಾಫಿ ಕೊಡುತ್ತಾರೆ.

ಇರಲಿ, ಹೇಗೋ ಪತ್ರ ಕೊಟ್ಟು ಸಾಲ ಸಿಕ್ಕಿತು. ಶೇಕಡಾ 11ರ ಬಡ್ಡಿ ಹಿಡಿದರೂ 60 ಲಕ್ಷಕ್ಕೆ ತಿಂಗಳ ಬಡ್ಡಿಯೇ 55 ಸಾವಿರ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳ ಕಂತು 82 ಸಾವಿರ ದಾಟುತ್ತದೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಒಂದು ದಿನವೂ ರಜೆ ಹಾಕುವುದಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿ ಉಂಟು ಎಂದು ಮ್ಯಾನೇಜರ್ ಸಮಾಧಾನ ಹೇಳುತ್ತಾರೆ. ವಿನಾಯಿತಿ ಪಡೆಯಲು ಮೊದಲು ತೆರಿಗೆ ಕಟ್ಟುವಷ್ಟು ಸಂಬಳ ಬೇಕಲ್ವಾ?

ಇನ್ನು ಈ ದುಡ್ಡು ತಿನ್ನುವ ಪೈಲಟ್ ಶಾಲೆಗಳು. ಅಲ್ಲಿ ಸೇರಿದ ಮೊದಲ ವಾರವೇ ಹುಡುಗ ಬಿಳಿ ಅಂಗಿ, ಕಪ್ಪು ಕನ್ನಡಕ ಹಾಕಿ ಸೆಸ್ನಾ ವಿಮಾನದ ರೆಕ್ಕೆ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾನೆ. ಊರಲ್ಲಿ ಫ್ಲೆಕ್ಸ್ ಏಳುತ್ತದೆ. ಕೆಳಗೆ ಶುಭ ಕೋರುವವರ ಇಪ್ಪತ್ತು ಮುಖ. ಆ ಫ್ಲೆಕ್ಸ್ ಬಣ್ಣ ಹೋಗುವುದರೊಳಗೆ ಕೋರ್ಸ್ ಮುಗಿದರೆ ಪುಣ್ಯ. ವಿಮಾನ ಇದ್ದರೆ ಇನ್‌ಸ್ಟ್ರಕ್ಟರ್ ಇಲ್ಲ. ಇನ್‌ಸ್ಟ್ರಕ್ಟರ್ ಇದ್ದರೆ ಮಂಜು. ಎರಡೂ ಸರಿ ಇದ್ದ ದಿನ ವಿಮಾನ ರಿಪೇರಿಗೆ. ಕೆಲವು ಕಡೆ ಹಾರಿಸುವ ಸೆಸ್ನಾ 152 ಮಾದರಿಯ ತಯಾರಿಕೆ 1985ರಲ್ಲೇ ನಿಂತಿದೆ. ಹುಡುಗನ ಅಪ್ಪ ಆಗಿನ್ನೂ ಮಿಡ್ಲ್ ಸ್ಕೂಲು.

ಇದು ನನ್ನ ಕೊಂಕು ಎಂದುಕೊಳ್ಳಬೇಡಿ. 2025ರ ಅಕ್ಟೋಬರ್‌ನಲ್ಲಿ ಡಿಜಿಸಿಎಯೇ ಮೊದಲ ಸಲ ಶಾಲೆಗಳಿಗೆ ಗ್ರೇಡ್ ಕೊಟ್ಟಿತು. ಎ ಪ್ಲಸ್? ಯಾರಿಗೂ ಇಲ್ಲ. ಎ? ಅದೂ ಯಾರಿಗೂ ಇಲ್ಲ. 13 ಶಾಲೆಗಳಿಗೆ ಬಿ, 22 ಶಾಲೆಗಳಿಗೆ ಸಿ. ಸಿ ಅಂದರೆ ನೂರಕ್ಕೆ ಐವತ್ತಕ್ಕಿಂತ ಕಡಿಮೆ. ಹುಡುಗ ಪಿಯುಸಿಯಲ್ಲಿ ಅಷ್ಟು ತೆಗೆದಿದ್ದರೆ ಅಪ್ಪ ತೋಟಕ್ಕೆ ನೀರು ಹಾಯಿಸಲು ಕಳಿಸುತ್ತಿದ್ದ. ಅದೇ ಅಂಕ ತೆಗೆದ ಶಾಲೆಗೆ ಮನೆ ಒತ್ತೆ ಇಟ್ಟು ಫೀಸ್ ಕಟ್ಟುತ್ತಿದ್ದಾನೆ.

ಸರ್ಕಾರಿ ಶಾಲೆ ಇಲ್ವಾ ಅಂದಿರಾ? ಇದೆ, ಬೆಂಗಳೂರಿನ ಜಕ್ಕೂರಿನಲ್ಲಿ, ಮಹಾರಾಜರ ಕಾಲದ್ದು. ಅದರ ಪಕ್ಕದಲ್ಲೇ ದೇವನಹಳ್ಳಿ ಏರ್‌ಪೋರ್ಟಿಗೆ ಹೋಗುವ ಮೇಲ್ಸೇತುವೆ ಎದ್ದು, ಬಳಸಬಹುದಾದ ರನ್‌ವೇಯೇ ಚಿಕ್ಕದಾಯಿತು. ವಿಮಾನ ಹತ್ತುವವರು ಬೇಗ ಹೋಗಲೆಂದು ವಿಮಾನ ಕಲಿಯುವವರ ದಾರಿ ಕತ್ತರಿಸಿದ ಊರು ನಮ್ಮದು.

ಲೈಸೆನ್ಸ್ ಬಂತು. ಮುಗೀತಾ? ಇಲ್ಲ. ಏರ್‌ಬಸ್ ಎ320 ಹಾರಿಸಲು ಟೈಪ್ ರೇಟಿಂಗ್, ಅಂದರೆ ಆ ಮಾದರಿಗೇ ಬೇರೆ ತರಬೇತಿ, ಬೇಕು. ಇನ್ನೂ 15 ಲಕ್ಷದ ಆಸುಪಾಸು. ಬಹಳ ಕಡೆ ಅದೂ ಹುಡುಗನ ತಲೆ ಮೇಲೇ. ಬಿಎಂಟಿಸಿಗೆ ಡ್ರೈವರ್ ಆಗಲು ಹೋದವನಿಗೆ ‘ಲೈಸೆನ್ಸ್ ಇದೆ ಸರಿ, ನಮ್ಮ ವೋಲ್ವೊ ಓಡಿಸೋದು ಕಲಿಸಬೇಕು, 15 ಲಕ್ಷ ತಾ’ ಅಂದ ಹಾಗೆ. ಏರ್‌ಲೈನ್ಸ್‌ಗಳ ಕೆಡೆಟ್ ಯೋಜನೆಗಳಿಗೆ ಸೇರಿದರೆ ಇವೆಲ್ಲ ಒಂದೇ ಕಡೆ ಮುಗಿಯುತ್ತದೆ, ಹೌದು. ಅವುಗಳ ಬೆಲೆ ಒಂದು ಕೋಟಿಯ ಆಸುಪಾಸು.

ತಮಾಷೆ ಸಾಕು. ವಿಮಾನ ಯಾರದ್ದು? ಏರ್‌ಲೈನ್ಸ್‌ದು. ಟಿಕೆಟ್ ದುಡ್ಡು ಯಾರಿಗೆ? ಏರ್‌ಲೈನ್ಸ್‌ಗೆ. ನೂರಾರು ವಿಮಾನಕ್ಕೆ ಆರ್ಡರ್ ಕೊಟ್ಟು ಪತ್ರಿಕೆಯ ಮುಖಪುಟದಲ್ಲಿ ಕೈ ಕುಲುಕಿದವರು ಅವರೇ. ಅದನ್ನು ಹಾರಿಸುವವನನ್ನು ತಯಾರು ಮಾಡುವ ಖರ್ಚು ಮಾತ್ರ ತಿಪಟೂರಿನ ಅಪ್ಪನದ್ದು. ವಾಯುಪಡೆ ಬೀದರ್‌ನಲ್ಲಿ ಹುಡುಗರಿಗೆ ಹಾಕ್ ಜೆಟ್ ಹಾರಿಸುವುದನ್ನು ಕಲಿಸುತ್ತದೆ. ಯಾರ ಮನೆ ಪತ್ರವನ್ನೂ ಕೇಳುವುದಿಲ್ಲ. ಕಂಪನಿಗೆ ಇಂಥ ಕೆಲಸದವರೇ ಬೇಕೆಂದರೆ ಕಂಪನಿಯೇ ತರಬೇತಿ ಕೊಡಬೇಕು ಎಂದು ಯಾವ ಸಚಿವರೂ ಹೇಳುವುದಿಲ್ಲ. ಹೇಳುವುದು ಅಂಕಿ ಮಾತ್ರ. ಮೂವತ್ತು ಸಾವಿರ ಬೇಕು, ಬನ್ನಿ, ಬನ್ನಿ. ನಂಬಿ ಸಾಲ ಮಾಡಿ ಬಂದವನನ್ನು ‘ಮಾರುಕಟ್ಟೆ ಸ್ವಲ್ಪ ಡಲ್’ ಎಂದು ವಾಪಸ್ ಕಳಿಸುತ್ತಾರೆ. ಕೆಲಸ ಇಲ್ಲದ ಈ ಹುಡುಗ ಪ್ರತಿ ವರ್ಷ ಮೆಡಿಕಲ್ ಮಾಡಿಸಬೇಕು, ಇನ್‌ಸ್ಟ್ರುಮೆಂಟ್ ರೇಟಿಂಗ್ ನವೀಕರಿಸಬೇಕು. ಅದಕ್ಕೂ ದುಡ್ಡು. ಕೆಲಸ ಸಿಗದೇ ಇದ್ದದ್ದಕ್ಕೂ ಫೀಸ್ ಕಟ್ಟಿಸಿಕೊಳ್ಳುವ ಇನ್ನೊಂದು ವೃತ್ತಿ ನನಗಂತೂ ಗೊತ್ತಿಲ್ಲ.

ಮೊನ್ನೆ ಆ ಅಪ್ಪನಿಗೆ ಅಡ್ಮಿಷನ್ ಏಜೆಂಟ್ ಮತ್ತೆ ಫೋನ್ ಮಾಡಿದ್ದನಂತೆ. ಮಗನ ಕೆಲಸದ ವಿಷಯ ಇರಬೇಕು ಎಂದು ಇವರು ಗಡಿಬಿಡಿಯಲ್ಲಿ ಎತ್ತಿದ್ದಾರೆ.

‘ಮಗಳು ಈ ವರ್ಷ ಪಿಯುಸಿ ಅಲ್ವಾ ಸರ್? ಕ್ಯಾಬಿನ್ ಕ್ರೂ ಕೋರ್ಸ್ ಇದೆ. ಲೋನ್ ನಾವೇ ಮಾಡಿಸ್ತೀವಿ.’