'ಮರ್ಹೂಮ್' ಪದಕ್ಕೂ 'ಮರಣ'ಕ್ಕೂ ನಂಟಿಲ್ಲ

ತೀರಿಕೊಂಡವರ ಹೆಸರಿಗೆ ಮುಸ್ಲಿಮರು ಸೇರಿಸುವ 'ಮರ್ಹೂಮ್' ಪದದ ಬಗ್ಗೆ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಮದುವೆ ಕಾರ್ಡಿನಲ್ಲಿ ಮರ್ಹೂಮ್ ಎಂದು ಹಾಕಬೇಡಿ. ಅದು ಮರಣದಿಂದ ಬಂದ ಪದ. ಸತ್ತವನು ಅಂತ ಬರೆದ ಹಾಗೆ, ಅಪಶಕುನ.'

ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಎರಡರಲ್ಲೂ 'ಮರ' ಇದೆಯಲ್ಲ! ಆದರೆ ಅದು ಸುಮ್ನೆ ಕಿವಿಗೆ ಆಗುವ ಮೋಸ. ಮರ್ಹೂಮ್ ಅರಬ್ಬಿ ಪದ. ಅದರ ಬೇರು 'ರಹಮ್', ಅಂದರೆ ಕರುಣೆ. ರಹೀಮ್, ರೆಹಮಾನ್ ಹೆಸರುಗಳೂ ಅದೇ ಬೇರಿನವು. ಮೊದಲಿನ 'ಮ' ಬರೀ ವ್ಯಾಕರಣದ್ದು. ನಜರಿನಿಂದ ಮಂಜೂರು, ಜುಲುಮಿನಿಂದ ಮಜ್ಲೂಮ್ (ಜುಲುಮಿಗೆ ಒಳಗಾದವನು) ಆದ ಹಾಗೆ ರಹಮ್‌ನಿಂದ ಮರ್ಹೂಮ್. ದಿನಾ ಕಚೇರಿಯಲ್ಲಿ 'ಮಂಜೂರಾಯ್ತಾ?' ಎಂದು ಕೇಳುವ ನಮಗೆ ಈ ಅಚ್ಚು ಹೊಸದೇನಲ್ಲ. ಹಾಗಾಗಿ ಅರ್ಥ 'ದೇವರ ಕರುಣೆಗೆ ಪಾತ್ರರಾದವರು'. ಹೆಂಗಸರಿಗೆ ಮರ್ಹೂಮಾ.

ಇಲ್ಲಿ ಸೂಫಿ ಸಂತ ಬಂದೇ ನವಾಜರ ಹೆಸರಿನ ನಂತರ 'ರಹಮತುಲ್ಲಾ ಅಲೈಹಿ', ಅಂದರೆ 'ದೇವರ ಕರುಣೆ ಅವರ ಮೇಲಿರಲಿ' ಎಂದು ಸೇರಿಸುತ್ತಾರೆ. ಅಲ್ಲೂ ಅದೇ ರಹಮ್.

ಪಕ್ಕದ ಮನೆಯ ಕಾರ್ಡಿನಲ್ಲಿ 'ಲಿಂ.' ಅಂತಿರುತ್ತದೆ, ಲಿಂಗೈಕ್ಯ. ಇನ್ನೊಂದರಲ್ಲಿ 'ದಿ.', ಸ್ವರ್ಗಕ್ಕೆ ಹೋದವರು. ಯಾವುದರಲ್ಲೂ ಸಾವು ಎಂಬ ಪದವೇ ಇಲ್ಲ ನೋಡಿ. ಅಜ್ಜನ ಹೆಸರಿನ ಮುಂದೆ ಮರ್ಹೂಮ್ ಧಾರಾಳವಾಗಿ ಹಾಕಿಸಿ. ಕಾಗುಣಿತ ಮಾತ್ರ ನೋಡಿಕೊಳ್ಳಿ, ಪ್ರೆಸ್‌ನವರು 'ಮರಹೂವು' ಮಾಡಿಬಿಟ್ಟಾರು.