ಮಾಳಿಗೆ ಮನೆ ಕೆಡವಲು ಕಡಿವಾಣ ಬೇಕೇ? ಪರ-ವಿರೋಧ

ಗದಗ-ಬೆಟಗೇರಿಯ ಹಳೇ ಓಣಿಗಳಲ್ಲಿ ಮಾಳಿಗೆ ಮನೆಗಳು, ಅಂದರೆ ಮಣ್ಣಿನ ಗೋಡೆಯ, ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರಿನ ಮನೆಗಳು, ಒಂದೊಂದಾಗಿ ನೆಲಕ್ಕಿಳಿಯುತ್ತಿವೆ. ಇವನ್ನು ಕೆಡವಲು ನಗರಸಭೆಯ ಅಪ್ಪಣೆ ಬೇಕು, ಆಯ್ದ ಕೆಲವನ್ನು ಕೆಡವಲೇಬಾರದು ಎಂಬ ನಿಯಮ ತರಬೇಕೇ? ಇಬ್ಬರನ್ನು ಕೇಳಿದೆವು. ಒಬ್ಬರು ಹುಬ್ಬಳ್ಳಿಯಲ್ಲಿ ಮನೆ ನಕ್ಷೆ ಬರೆಯುವ ಸಿವಿಲ್ ಎಂಜಿನಿಯರ್. ಇನ್ನೊಬ್ಬರು ಗದಗಿನ ನಿವೃತ್ತ ಶಿಕ್ಷಕಿ.

ಪರ: ತಂಪು ಬೇಕಾದರೆ ಮಣ್ಣು ಬೇಕು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಬರೆದುಕೊಟ್ಟ ನಕ್ಷೆಗಳೆಲ್ಲ ಆರ್‌ಸಿಸಿ ಮನೆಗಳವೇ. ಮಾಳಿಗೆ ಮನೆ ಕಟ್ಟಿಸಿಕೊಡಿ ಎಂದು ಯಾರೂ ನನ್ನ ಬಾಗಿಲಿಗೆ ಬಂದಿಲ್ಲ. ಬಂದಿದ್ದರೂ ಕಟ್ಟುವ ಕೈಗಳನ್ನು ಎಲ್ಲಿಂದ ತರಲಿ ಎಂಬುದು ಬೇರೆ ಪ್ರಶ್ನೆ. ಪರವಾಗಿ ಬರೆಯಿರಿ ಎಂದರು, ಒಪ್ಪಿಕೊಂಡೆ. ಬರೆಯಲು ಕೂತ ಮೇಲೆ ಅರ್ಧದಷ್ಟಾದರೂ ನಂಬಿಕೆ ಬಂತು.

ಮೊದಲ ಕಾರಣ ತಂಪು. ನಾವು ಹಾಕುವ ಸ್ಲ್ಯಾಬು ಐದು ಇಂಚು. ಏಪ್ರಿಲ್ ತಿಂಗಳ ಗದಗಿನ ಬಿಸಿಲನ್ನು ಅದು ಹಗಲೆಲ್ಲ ಕುಡಿದು, ರಾತ್ರಿ ನೀವು ಮಲಗುವ ಹೊತ್ತಿಗೆ ಸರಿಯಾಗಿ ಹಾಸಿಗೆಯ ಮೇಲೆ ಕಕ್ಕುತ್ತದೆ. ಮಾಳಿಗೆ ಮನೆಯ ಗೋಡೆ ಒಂದೂವರೆ, ಎರಡು ಅಡಿ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ತಪ್ಪಲು (ಸೊಪ್ಪು), ಎಲ್ಲದರ ಮೇಲೆ ಮಣ್ಣು. ಮಧ್ಯಾಹ್ನ ಹೊರಮೈಗೆ ಬಿದ್ದ ಬಿಸಿ ಒಳಮೈ ಮುಟ್ಟುವಷ್ಟರಲ್ಲಿ ನಡುರಾತ್ರಿಯಾಗಿರುತ್ತದೆ. ಆಗ ಬೆಳಕಿಂಡಿ, ಅಂದರೆ ಬೆಳಕಿಗೆಂದು ಸೂರಿನಲ್ಲಿ ಬಿಟ್ಟ ಕಿಂಡಿ, ತೆರೆದಿದ್ದರೆ ಬಂದ ಬಿಸಿ ಹಾಗೇ ಮೇಲಕ್ಕೆ ಹೊರಟುಹೋಗುತ್ತದೆ. ಒಂದು ಯೂನಿಟ್ ಕರೆಂಟ್ ಇಲ್ಲದೆ ನಡೆಯುವ ಲೆಕ್ಕ ಇದು. ನಮ್ಮ ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ, ಒತ್ತಿ, ಸುಡದೆ ಇಟ್ಟಿಗೆ ಮಾಡುವುದನ್ನು ತೋರಿಸಿಕೊಟ್ಟರು. ಮಣ್ಣು ಹಳ್ಳಿಯವರ ದಡ್ಡತನವಲ್ಲ ಎನ್ನಲು ಅಷ್ಟು ಸಾಕು.

ಎರಡನೆಯದು ಬೆಟಗೇರಿ. ನೇಕಾರರ ಮನೆಯಲ್ಲಿ ಮಗ್ಗ ನೆಲದ ಕುಣಿಯಲ್ಲಿ ಕೂರುತ್ತದೆ. ನೇಯುವವರ ಕಾಲು ಕುಣಿಯೊಳಗೆ, ಕೈ ನೆಲದ ಮಟ್ಟಕ್ಕೆ. ಮಣ್ಣಿನ ನೆಲದ ತೇವ ನೂಲನ್ನು ಹರಿಯದಂತೆ ಕಾಯುತ್ತದೆ. ಅಲ್ಲಿ ಮನೆಯೇ ಕಾರ್ಖಾನೆ. ಅದನ್ನು ಕೆಡವಿ ಮೂರು ಮಹಡಿ ಎಬ್ಬಿಸಿ ಟೈಲ್ಸ್ ಹಾಕಿಸಿದರೆ ಕುಣಿ ತೋಡುವುದು ಎಲ್ಲಿ?

ಅಹಮದಾಬಾದಿನ ಹಳೇ ಊರನ್ನು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರ ಎಂದಿತು. ಭಾರತದಲ್ಲಿ ಆ ಪಟ್ಟ ಸಿಕ್ಕ ಮೊದಲ ನಗರ ಅದು. ಅಲ್ಲಿ ಹಳೇ ಮನೆ ಉಳಿಸಿಕೊಂಡವರು ತಾವು ಕಟ್ಟದೆ ಬಿಟ್ಟ ಮಹಡಿಯ ಹಕ್ಕನ್ನು ಊರಿನ ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಹಾಗೆ ದುಡ್ಡಿನ ದಾರಿ ಮಾಡಿಕೊಟ್ಟರೆ ಇಲ್ಲಿಯೂ ಯಾಕಾಗಬಾರದು? ಎಲ್ಲ ಮನೆಯೂ ಬೇಡ. ಎಂಜಿನಿಯರುಗಳು ನೋಡಿ ಪಟ್ಟಿ ಮಾಡಲಿ, ಪಟ್ಟಿಯಲ್ಲಿರುವವರಿಗೆ ಮನೆ ತೆರಿಗೆ ಬಿಡಲಿ.

ಮಳೆಗೆ ಬೀಳುತ್ತವಲ್ಲ ಎನ್ನುತ್ತೀರಿ. ಬಿದ್ದ ಮನೆಗಳನ್ನು ನಾನೂ ನೋಡಿದ್ದೇನೆ. ಬಹಳಷ್ಟರಲ್ಲಿ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬಳಿದಿದ್ದರು. ಒಳಗೆ ಹೊಕ್ಕ ನೀರಿಗೆ ಹೊರಬರಲು ದಾರಿ ಇಲ್ಲ, ಗೋಡೆ ಒಳಗೊಳಗೇ ಕೆಸರಾಗುತ್ತದೆ. ತಪ್ಪು ಮಾಳಿಗೆಯದಲ್ಲ, ತೇಪೆಯದು. ಅಲ್ಲದೆ 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದು 19 ಜನರ ಜೀವ ತೆಗೆದ ಕಟ್ಟಡ ಮಾಳಿಗೆಯದೇನೂ ಆಗಿರಲಿಲ್ಲ. ಕಾಂಕ್ರೀಟಿನದು, ಇನ್ನೂ ಕಟ್ಟುತ್ತಿದ್ದದ್ದು. ಬೀಳುವುದನ್ನೇ ಲೆಕ್ಕ ಹಿಡಿದರೆ ನನ್ನ ಅಂಗಡಿಯೂ ಮುಚ್ಚಬೇಕಾಗುತ್ತದೆ.

ಒಂದು ಪ್ರಸಂಗ. ಏಳೆಂಟು ವರ್ಷದ ಹಿಂದೆ ಗದಗಿನ ಒಬ್ಬರು ಹಳೇ ಮನೆ ಕೆಡವಿ ಹೊಸದು ಕಟ್ಟಲು ನನ್ನನ್ನು ಕರೆದರು. ಪಡಸಾಲೆಯಲ್ಲಿ ಆರು ಸಾಗವಾನಿ ಕಂಬ, ಒಂದೊಂದೂ ತೆಕ್ಕೆಗೆ ಸಿಗದಷ್ಟು ದಪ್ಪ, ಕಂಬದ ತಲೆಯ ಬೋದಿಗೆಯಲ್ಲಿ ಕೆತ್ತಿದ ಗಿಳಿ. ಹಳೇ ಕಟ್ಟಿಗೆ ವ್ಯಾಪಾರಿ ಬಂದು ತೂಕದ ಲೆಕ್ಕದಲ್ಲಿ ಒಯ್ದ. ಮರುವರ್ಷ ಸಂಸಾರ ಸಮೇತ ಗೋವಾಕ್ಕೆ ಹೋಗಿ ಒಂದು ರೆಸಾರ್ಟಿನಲ್ಲಿ ಇಳಿದೆ. ಸ್ವಾಗತದ ಕೋಣೆಯಲ್ಲಿ ನಾಲ್ಕು ಕಂಬ, ಗಿಳಿ ಸಮೇತ. ಅವೇ ಎಂದು ಆಣೆ ಮಾಡಿ ಹೇಳಲಾರೆ. ಹೆಂಡತಿಗೆ ಹೇಳಿದರೆ ಆಕೆ “ಹೋಗಲಿ, ಕೋಣೆ ಕೀಲಿ ಇಸ್ಕೊಳ್ರಿ” ಎಂದಳು.

ತಂಪಿನ ವಿಷಯವನ್ನು ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಉಳಿದೆಲ್ಲದಕ್ಕಿಂತ ಅದೇ ದೊಡ್ಡದು. ಈ ಬೇಸಿಗೆಯಲ್ಲಿ ನನ್ನ ಮನೆಗೆ ಎರಡನೇ ಏಸಿ ಬಂತು. ಪಟ್ಟಿ ಮಾಡಲು ನಗರಸಭೆಯವರು ಕರೆದರೆ ಬರುತ್ತೇನೆ, ಶನಿವಾರ ಒಂದು ಬಿಟ್ಟು.

ವಿರೋಧ: ಮಾಳಿಗೆ ಹತ್ತಿದವರನ್ನು ಕೇಳಿ

ಬೆಳಕಿಂಡಿ ಎಂದರೆ ಕವಿಗಳಿಗೆ ಬಿಸಿಲುಕೋಲು. ನನಗೆ ಅದು ನಡುರಾತ್ರಿ ಮಳೆ ಬಂದಾಗ ಎದ್ದು ಮುಚ್ಚಬೇಕಾದ ತೂತು.

1984ರಲ್ಲಿ ಮದುವೆಯಾಗಿ ಈ ಓಣಿಗೆ ಬಂದೆ. ನಮ್ಮ ಮನೆಗೆ ಬೆಳಕಿಂಡಿ ನಾಲ್ಕು. ಪಡಸಾಲೆಗೊಂದು, ನಡುಮನೆಗೆ ಎರಡು, ಅಡುಗೆಮನೆಗೊಂದು. ಮೊದಲ ಹನಿಯ ಸದ್ದಿಗೇ ಅತ್ತೆಯವರು ಕೂಗುತ್ತಿದ್ದರು: “ಏಳವಾ, ಬೆಳಕಿಂಡಿ ಮುಚ್ಚು.” ನಿಚ್ಚಣಿಕೆ ಹತ್ತಬೇಕು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸೀರೆಯ ನಿರಿಗೆ. ಮೇಲೆ ಒದ್ದೆ ಮಣ್ಣು, ಕಾಲಿಟ್ಟಲ್ಲಿ ಜಾರಿಕೆ. ಒಂದೊಂದು ತೂತಿನ ಮೇಲೂ ಎಣ್ಣೆ ಡಬ್ಬಿ ಸೀಳಿದ ತಗಡು ಇಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಬೇಕು. ಗಂಡಸರು ಏನು ಮಾಡುತ್ತಿದ್ದರು ಎಂದಿರಾ? ಕೆಳಗೆ ಮಲಗಿದಲ್ಲಿಂದಲೇ “ಎರಡನೇದ್ದು ಮುಚ್ಚಿದ್ಯೇನು?” ಎಂದು ಕೇಳುತ್ತಿದ್ದರು.

ಇದು ಮಳೆಗಾಲದ ಮಾತಾಯಿತು. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದೆ. ಊರ ಹೊರಗಿಂದ ಸವಳು ಮಣ್ಣು ತರಿಸಿ, ಹೋದ ವರ್ಷ ಬೆಳೆದ ಹುಲ್ಲು ಕಿತ್ತು, ಇಲಿ ತೋಡಿದ್ದನ್ನು ಮುಚ್ಚಿ, ಮಾಳಿಗೆಯ ತುಂಬ ಹರವಿ ತುಳಿಯಬೇಕು. ಒಂದು ವರ್ಷ ತಪ್ಪಿಸಿದರೆ ಮುಗಿಯಿತು: ಮನೆ ತುಂಬ ಕೊಡ, ಪರಾತ, ಬೋಗುಣಿ ಇಟ್ಟುಕೊಂಡು ಕೂರುವುದು. ಮಣ್ಣು ತರುತ್ತಿದ್ದ ಜಾಗಗಳಲ್ಲಿ ಈಗ ಲೇಔಟ್ ಎದ್ದಿವೆ. ತುಳಿಯಲು ಬರುತ್ತಿದ್ದವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ನನ್ನ ಶಾಲೆಯಲ್ಲೇ ಕಲಿತವರು, ಸುಖವಾಗಿರಲಿ. ಕೆಡವಬೇಡಿ ಎನ್ನುವ ಕಾನೂನು ಸವಳು ಮಣ್ಣು ಹೊತ್ತು ತರುತ್ತದೆಯೇ?

ಜಂತಿಯಿಂದ ಚೇಳು ಬೀಳುವುದನ್ನು ಬರೆಯುವುದಿಲ್ಲ. ಬರೆದರೆ ಪರ ಬರೆಯುವವರು ಅದಕ್ಕೂ ಜೀವವೈವಿಧ್ಯ ಎಂದಾರು.

2019ರ ಆಗಸ್ಟ್‌ಗೆ ಬರುತ್ತೇನೆ. ಅತ್ತ ಮಲಪ್ರಭೆ ಉಕ್ಕಿ ನರಗುಂದ, ರೋಣದ ಕಡೆಯ ಹಳ್ಳಿಗಳು ನೀರಲ್ಲಿದ್ದವು. ನಮ್ಮ ಓಣಿಯಲ್ಲಿ ಹೊಳೆ ಇರಲಿಲ್ಲ, ಬಿಡದ ಜಿಟಿಜಿಟಿ ಇತ್ತು. ದಿನಗಟ್ಟಲೆ. ಗೋಡೆ ಮುಟ್ಟಿದರೆ ದೋಸೆಹಿಟ್ಟಿನ ಪಾತ್ರೆ ಮುಟ್ಟಿದಂತೆ ತಣ್ಣಗಿತ್ತು. ಒಂದು ಬೆಳಗಿನ ಜಾವ ಪಡಸಾಲೆಯ ಪಡುವಣ ಗೋಡೆ ಹೋಯಿತು. ಗೋಡೆ ಬಿದ್ದರೆ ಧಡಾರ್ ಎನ್ನುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಚೀಲದಿಂದ ಜೋಳ ಸುರಿದಂಥ ಸದ್ದು, ಆಮೇಲೆ ಓಣಿಯ ದೀಪ ಸೀದಾ ನಡುಮನೆಯೊಳಗೆ ಬಂತು. ಎಂಬತ್ತಾರು ವರ್ಷದ ಅತ್ತೆಯವರು ಎದ್ದು ಕೂತು “ಬಾಗಿಲಾ ಯಾರು ತಗದ್ರು?” ಎಂದರು. ಗೋಡೆ ಹೊರಕ್ಕೆ, ಕಟ್ಟೆಯ ಮೇಲೆ ಬಿದ್ದಿತ್ತು. ಒಳಕ್ಕೆ ಬಿದ್ದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಗೋಡೆಗೆ ತೂಗುಹಾಕಿದ್ದ ಮಾವನವರ ಫೋಟೋ ಗಟಾರಿನ ದಂಡೆಯಲ್ಲಿ ಮುಖ ಮೇಲಾಗಿ ಬಿದ್ದಿತ್ತು. ಗಾಜು ಒಡೆದಿರಲಿಲ್ಲ.

ಸರ್ವೇಗೆ ಬಂದವರು ಒಳಗೆ ಕಾಲಿಡಲಿಲ್ಲ. ಹೊರಗಿಂದಲೇ ಮೊಬೈಲಿನಲ್ಲಿ ಫೋಟೋ ಹೊಡೆದು “ಮೂರು ಗೋಡಿ ನಿಂತಾವಲ್ರಿ” ಎಂದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಎಂದಿತ್ತು, ಅರೆಬರೆ ಬಿದ್ದದ್ದಕ್ಕೆ ಚೂರುಪಾರು. ಪಕ್ಕದ ಮನೆಯ ಹುಡುಗ ಮೆಲ್ಲಗೆ ಬಂದು ಹೇಳಿದ: “ಅಕ್ಕೋರ, ರಾತ್ರಿ ನಾವು ನಾಕು ಮಂದಿ ಬಂದು ಉಳದದ್ದನ್ನೂ ದೂಡಿಬಿಡ್ತೀವ್ರಿ.” ಬೇಡ ಎಂದೆ. ಜೀವನವಿಡೀ ಮಕ್ಕಳಿಗೆ ಸತ್ಯ ಹೇಳಿಕೊಟ್ಟದ್ದರ ಬೆಲೆ ಅವತ್ತು ಲಕ್ಷಗಳಲ್ಲಿ ಗೊತ್ತಾಯಿತು.

ಇನ್ನು ಮುಂದೆ ಅಂಥ ಮೂರು ಗೋಡೆಗಳನ್ನು ಕೆಡವಲೂ ಅಪ್ಪಣೆ ಕೇಳಬೇಕಂತೆ. ಅಪ್ಪಣೆ ಹೇಗಿರುತ್ತದೆ ಎಂದು ಗದಗಿನವರಿಗೆ ಹೇಳಿಕೊಡಬೇಕಾಗಿಲ್ಲ. ತ್ರಿಕೂಟೇಶ್ವರ ಕೇಂದ್ರ ಪುರಾತತ್ವ ಇಲಾಖೆಯ ಗುಡಿ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಒಪ್ಪಿಗೆ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟುವುದಕ್ಕೂ ಪರವಾನಗಿ. ಗುಡಿಯೇನೋ ಕಲ್ಲಿನದು, ಚಾಲುಕ್ಯರ ಕಾಲದಿಂದ ನಿಂತಿದೆ, ಮುಂದೆಯೂ ನಿಲ್ಲುತ್ತದೆ. ಮಣ್ಣಿನ ಗೋಡೆ ಅರ್ಜಿ ವಿಲೇವಾರಿಯಾಗುವ ತನಕ ನಿಲ್ಲುವುದಿಲ್ಲ.

ಸರ್ಕಾರವೇ ನೋಡಿಕೊಳ್ಳುತ್ತದೆ ಎನ್ನುವವರು ಧಾರವಾಡದ ಶುಕ್ರವಾರಪೇಟೆಗೆ ಹೋಗಿಬರಲಿ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಮನೆ ಅಲ್ಲಿತ್ತು. ಸ್ಮಾರಕವೆಂದು ದುರಸ್ತಿ ಮಾಡಿದ ಮನೆ ಆಮೇಲೆ ಹಾಳುಬಿತ್ತು. ಪದ್ಮವಿಭೂಷಣ ಪಡೆದವರ ಮಾಳಿಗೆಗೇ ಈ ಗತಿಯಾದರೆ ಕನ್ನಡ ಶಾಲೆಯ ಅಕ್ಕೋರ ಮಾಳಿಗೆಗೆ ಮಣ್ಣು ಹಾಕುವವರು ಯಾರು?

ಇನ್ನು ಕಟ್ಟೆ. ಹಳೇ ಓಣಿಯ ಬಗ್ಗೆ ಬರೆಯುವವರೆಲ್ಲ ಕಟ್ಟೆಯ ಮೇಲೆ ಕಣ್ಣೀರು ಹಾಕುತ್ತಾರೆ. ಆ ಮನೆಯಲ್ಲಿದ್ದ ಮೂವತ್ತೈದು ವರ್ಷಗಳಲ್ಲಿ ನಾನು ನಮ್ಮ ಕಟ್ಟೆಯ ಮೇಲೆ ಕೂತದ್ದು ಬೆರಳೆಣಿಕೆ, ಅದೂ ಮಾವನವರು ತೀರಿಕೊಂಡ ಮೇಲೆ. ಅದು ಗಂಡಸರ ಜಾಗ. ಗಂಡಸರಲ್ಲೂ ಯಾರು ಕೂರುತ್ತಿದ್ದರು, ಯಾರು ಬಿಸಿಲಲ್ಲಿ ನಿಂತೇ ಮಾತಾಡಿ ಹೋಗುತ್ತಿದ್ದರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಹಾಗೆ ನಿಲ್ಲುತ್ತಿದ್ದವರ ಮೊಮ್ಮಗ ಈಗ ಅದೇ ಓಣಿಯ ಮೂಲೆಯಲ್ಲಿ ಎರಡು ಮಹಡಿ ಕಟ್ಟಿಸಿದ್ದಾನೆ, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾನೆ. ಓಣಿಯ ಅಂದ ಕೆಟ್ಟಿತು ಎಂದು ಕೆಲವರ ದೂರು. ನನಗಂತೂ ಕೆಟ್ಟಂತೆ ಕಾಣಲಿಲ್ಲ.

ಮೈದುನನ ಮಗನಿಗೆ ಮೂರು ಕಡೆ ಹೆಣ್ಣು ನೋಡಿದೆವು. ಹುಡುಗ ಒಳ್ಳೆಯವನು, ಸಂಬಳವೂ ಉಂಟು. ಮೂರೂ ಕಡೆಯವರು ಬಂದು ಮನೆ ನೋಡಿ, ಅವಲಕ್ಕಿ ತಿಂದು, ಸುಮ್ಮನಾದರು. ಕೊನೆಗೆ ಮಧ್ಯಸ್ಥರು ಬಾಯಿಬಿಟ್ಟರು: “ಮಾಳಿಗಿ ಮನಿಗೆ ಹೆಣ್ಣು ಕೊಡಂಗಿಲ್ಲ ಅಂತಾರ್ರಿ.” ಆ ಹೆಣ್ಣುಮಕ್ಕಳು ಜಾಣೆಯರು. ನಿಚ್ಚಣಿಕೆ ಕಂಡಿರಬೇಕು.

ತಂಪು, ತಂಪು ಎನ್ನುತ್ತಾರೆ. ಶವಾಗಾರವೂ ತಂಪೇ. ಹಗಲು ಹನ್ನೆರಡಕ್ಕೆ ನಡುಮನೆಯಲ್ಲಿ ಅಕ್ಕಿ ಆರಿಸಲು ದೀಪ ಹಚ್ಚಬೇಕಾಗಿದ್ದ ತಂಪು ಅದು. 2021ರಲ್ಲಿ ನಾವು ಆರ್‌ಸಿಸಿ ಮನೆ ಕಟ್ಟಿಸಿದೆವು. ಏಪ್ರಿಲ್‌ನಲ್ಲಿ ಮೇಲಿನ ಕೋಣೆಯಲ್ಲಿ ಮಲಗಲಾಗುವುದಿಲ್ಲ, ಕೆಳಗೆ ಮಲಗುತ್ತೇವೆ. ಅಷ್ಟೇ.

ಹಳೇ ಮನೆಯದು ಒಂದೇ ವಸ್ತು ಉಳಿದಿದೆ, ತಲೆಬಾಗಿಲಿನ ಚೌಕಟ್ಟು. ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ, ಎರಡೂ ಬದಿ ಬಳ್ಳಿ. ಕೆಡವುವ ದಿನ ಅದನ್ನು ಮಾತ್ರ ಕೊಡುವುದಿಲ್ಲ ಎಂದು ನಾನೇ ಹಟ ಹಿಡಿದೆ. ಹೊಸ ಮನೆಯ ಬಾಗಿಲಿನ ಅಳತೆಗೆ ಅದು ಕೂರಲಿಲ್ಲ. ಈಗ ಟೆರೇಸಿನ ಮೇಲೆ ತಾಡಪತ್ರಿ ಹೊದ್ದು ಮಲಗಿದೆ, ಮಳೆ ಬಂದರೆ ಹೋಗಿ ಹೊದಿಕೆ ಸರಿಮಾಡಿ ಬರುತ್ತೇನೆ. ಪರ ಬರೆದವರಿಗೆ ಬೇಕಿದ್ದರೆ ಬಂದು ಒಯ್ಯಲಿ. ಎತ್ತಲು ಆರು ಜನ ಬೇಕು, ಟ್ರ್ಯಾಕ್ಟರ್ ಬಾಡಿಗೆ ಅವರದೇ.